ಕೆಜ್ಬಾನ್ ಎಂದರೆ

ಸಾರಿಕಾಯಾ ಹಳ್ಳಿ, ಅಫ್ಯೋನ್
20 ಮಾರ್ಚ್ 1994, ಭಾನುವಾರ

ನನ್ನದೇ ಹೆಸರು ಹೊತ್ತ ಮುದ್ದು ಮೊಮ್ಮಗಳೇ,

ಹೇಗಿದ್ದೀ ಕಂದಾ? ಕೆಮ್ಮು ಹೋಯಿತೇ? ಅಂಕಾರಾದ ಕಲ್ಲಿದ್ದಲ ಹೊಗೆ ನಿನ್ನ ಎದೆಗೆ ಆಗುವುದಿಲ್ಲ ಎಂದು ನನಗೆ ಗೊತ್ತು. ರಾತ್ರಿ ಮಲಗುವಾಗ ಕಿಟಕಿ ಮುಚ್ಚು, ಉಣ್ಣೆಯ ಕಾಲುಚೀಲ ಹಾಕಿಕೋ. ಹಾಸ್ಟೆಲಿನಲ್ಲಿ ಯಾರೂ ಹಾಕುವುದಿಲ್ಲ ಎನ್ನಬೇಡ, ಕಂಬಳಿಯೊಳಗೆ ನಿನ್ನ ಕಾಲನ್ನು ನೋಡಲು ಯಾರೂ ಬರುವುದಿಲ್ಲ. ಈ ಕಾಗದದ ಜೊತೆಗೆ ಕಳಿಸುತ್ತಿರುವ ಗಂಟಿನಲ್ಲಿ ಗಸಗಸೆ ಹೂರಣದ ರೊಟ್ಟಿ ಹತ್ತು, ಒಣಗಿಸಿದ ಸಾರಿನ ಪುಡಿ ಒಂದು ಡಬ್ಬಿ, ವಾಲ್‌ನಟ್ ಒಂದಿಷ್ಟು ಇವೆ. ರೊಟ್ಟಿಯನ್ನು ಕೋಣೆಯ ಹುಡುಗಿಯರಿಗೂ ಕೊಡು, ಆದರೆ ಮೊದಲು ನೀನು ತಿನ್ನು. ಹಬ್ಬಕ್ಕೆ ನೀನು ಬರಲಿಲ್ಲ. ಪರೀಕ್ಷೆ ಎಂದು ಬರೆದಿದ್ದೆ, ಇರಲಿ, ಪರೀಕ್ಷೆಯೂ ಬೇಕಾದದ್ದೇ. ನನ್ನ ಮೊಣಕಾಲು ಚಳಿಗಾಲ ಪೂರ್ತಿ ನನ್ನೊಡನೆ ಜಗಳವಾಡಿತು, ಈಗ ಬಿಸಿಲು ಬಂದಮೇಲೆ ರಾಜಿಯಾಗಿದೆ. ಗಸಗಸೆ ಹೊಲದಲ್ಲಿ ಕಳೆ ಕೀಳಲು ನಾಳೆಯಿಂದ ಹೋಗಬೇಕು. ಎರಡು ಕೋಳಿಗಳನ್ನು ನರಿ ಹೊತ್ತೊಯ್ದಿತು, ಉಳಿದವು ಮೊಟ್ಟೆ ಇಡುವ ಕೆಲಸವನ್ನು ಅವುಗಳ ಪಾಲಿಗೂ ಸೇರಿಸಿ ಮಾಡುತ್ತಿವೆ. ಇನ್ನು ದೊಡ್ಡ ಸುದ್ದಿಗೆ ಬರುತ್ತೇನೆ. ಇದನ್ನು ನೀನು ಬೇರೆಯವರ ಬಾಯಿಂದ ಅರ್ಧಮರ್ಧ ಕೇಳುವ ಮೊದಲು ನಾನೇ ಪೂರ್ತಿಯಾಗಿ ಹೇಳಬೇಕು. ನಿಧಾನವಾಗಿ ಕೂತು ಓದು.

ಕೆಳಗಿನ ಓಣಿಯ ರುಷ್ತು ಗೊತ್ತಲ್ಲ, ಟ್ರಾಕ್ಟರ್ ರುಷ್ತು. ಅವನ ಹೆಂಡತಿ ಹವ್ವಾ. ಅವರಿಗೆ ಮೂರು ಗಂಡು, ಕೊನೆಗೊಂದು ಹೆಣ್ಣು, ಸೆಹೆರ್. ನೀನು ಶಾಲೆಗೆ ಹೋಗುವಾಗ ನಿನ್ನ ಹಿಂದೆ ಬಾಲದ ಹಾಗೆ ಬರುತ್ತಿದ್ದ ಕೆಂಪು ಕೆನ್ನೆಯ ಮಗು. ಜನವರಿಯಲ್ಲಿ, ಊರ ಒಲೆಮನೆಯಲ್ಲಿ ರೊಟ್ಟಿ ಸುಡುವ ನನ್ನ ಸರದಿಯ ದಿನ, ಹವ್ವಾ ಬಂದು ಹಿಟ್ಟಿನ ಹಲಗೆಯ ಪಕ್ಕದಲ್ಲಿ ಕೂತಳು. ಅವಳ ಸರದಿ ಅಲ್ಲ, ಕೈಯಲ್ಲಿ ಹಿಟ್ಟೂ ಇಲ್ಲ. ಉಳಿದ ಹೆಂಗಸರು ಹೋದ ಮೇಲೆ ಹೇಳಿದಳು: "ಅಜ್ಜೀ, ಸೆಹೆರ್‌ನ ಕೊಡ್ತಾವ್ರೆ. ಪಟ್ಟಣದ ದನದ ವ್ಯಾಪಾರಿ ಮಗನಿಗೆ. ಇಪ್ಪತ್ತೊಂಬತ್ತು ವರ್ಷ ಅವನಿಗೆ. ಉಂಗುರ ತೊಡಿಸಾಯ್ತು." ಸೆಹೆರ್‌ಗೆ ಹದಿಮೂರು ದಾಟಿದೆ ಅಷ್ಟೇ, ಕಾನೂನು ಹೇಗೆ ಒಪ್ಪುತ್ತದೆ ಎಂದೆ. ಅದಕ್ಕೇ ರುಷ್ತು ಕೋರ್ಟಿಗೆ ಹಾಕಿದ್ದಾನಂತೆ. ಹುಡುಗಿ ನಿಜವಾಗಿ ಹುಟ್ಟಿದ್ದು ಎಪ್ಪತ್ತೇಳರಲ್ಲಿ, ಹೊಲದ ಕೆಲಸದಲ್ಲಿ ಮರೆತು ದಾಖಲೆಗೆ ಬರೆಸಿದ್ದು ಎಂಬತ್ತರಲ್ಲಿ, ಆದ್ದರಿಂದ ವಯಸ್ಸು ತಿದ್ದಿ ಹದಿನಾರು ಮಾಡಿಕೊಡಿ ಎಂದು. ಇಬ್ಬರು ಸಾಕ್ಷಿಗಳನ್ನೂ ಗೊತ್ತು ಮಾಡಿದ್ದಾನೆ, ಇಬ್ಬರೂ ಅವನ ಚಿಕ್ಕಪ್ಪನ ಮಕ್ಕಳು. ಹವ್ವಾ ಅಳಲಿಲ್ಲ. ಹಿಟ್ಟಿನ ಹಲಗೆಯನ್ನು ಉಗುರಿನಿಂದ ಕೆರೆಯುತ್ತ "ನಾನು ಬಾಯಿ ಬಿಟ್ರೆ ಮನೇಲಿ ಇರೋ ಹಾಗಿಲ್ಲ. ನೀನೇ ಅಲ್ವಾ ಅವಳನ್ನ ಹೊರಗೆ ತೆಗ್ದಿದ್ದು," ಎಂದಳು. ಅಷ್ಟೇ ಹೇಳಿದ್ದು. ಎದ್ದು ಹೋದಳು.

ಮಾರನೆಯ ದಿನ ಬೆಳಗಿನ ವ್ಯಾನಿಗೆ ಪಟ್ಟಣಕ್ಕೆ ಹೋದೆ. ಜನನದ ದಾಖಲೆ ಇಡುವ ಅಧಿಕಾರಿಯ ಮುಂದೆ ನಿಂತು, ಆ ಹುಡುಗಿಯ ಸೂಲಗಿತ್ತಿ ನಾನು, ಅವಳು ಹುಟ್ಟಿದ ದಿನ, ವಾರ ಎರಡೂ ನನಗೆ ಗೊತ್ತು ಎಂದೆ. ಅವನು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಅಜ್ಜೀ, ಹದಿಮೂರು ವರ್ಷದ ಹಿಂದಿನ ದಿನ ನೆನಪಿದ್ಯಾ? ನಂಗೆ ನಿನ್ನೆ ಊಟ ಏನು ಮಾಡ್ದೆ ಅಂತ ನೆನಪಿಲ್ಲ," ಎಂದ. ನಿನ್ನ ಊಟದ ದಿನ ಬೀದಿಯಲ್ಲಿ ಮಿಲಿಟರಿ ಇರಲಿಲ್ಲ ಮಗಾ ಎಂದೆ. ಆಮೇಲೆ ಅವನು ನಗಲಿಲ್ಲ. ಒಳಗೆ ಸರ್ಕಾರಿ ವಕೀಲರ ಹತ್ತಿರ ತಾನೇ ಕರೆದುಕೊಂಡು ಹೋಗಿ ನನ್ನ ಹೆಸರನ್ನು ಸಾಕ್ಷಿಯಾಗಿ ಬರೆಸಿದ.

ಮೊದಲ ವಿಚಾರಣೆಯ ದಿನ ನಾನು ಹೊಸ ತಲೆವಸ್ತ್ರ ಕಟ್ಟಿಕೊಂಡು ಹೋಗಿದ್ದೆ. ನ್ಯಾಯಾಧೀಶೆ ಹೆಣ್ಣುಮಗಳು, ನಿನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ದೇವರ ಮೇಲೆ, ಮಾನದ ಮೇಲೆ ಆಣೆ ಇಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಂಬತ್ತರ ಸೆಪ್ಟೆಂಬರ್ ಹನ್ನೆರಡು, ಶುಕ್ರವಾರ. ಬೆಳಗಾಗುವಾಗ ಸೈನ್ಯ ದೇಶವನ್ನು ಕೈಗೆ ತೆಗೆದುಕೊಂಡಿತ್ತು, ರೇಡಿಯೊದಲ್ಲಿ ಬರೀ ಕವಾಯತಿನ ಬ್ಯಾಂಡು, ನಡುನಡುವೆ ಹೊರಗೆ ಬರಬೇಡಿ ಎಂಬ ಆಜ್ಞೆ. ಆರೋಗ್ಯ ಕೇಂದ್ರದ ನರ್ಸ್ ಪಟ್ಟಣದಲ್ಲೇ ಸಿಕ್ಕಿಬಿದ್ದಿದ್ದಳು. ಮಧ್ಯಾಹ್ನದ ಹೊತ್ತಿಗೆ ಹವ್ವಾಗೆ ನೋವು ಬಂದಿದೆ ಎಂದು ಗೋಡೆಯಿಂದ ಗೋಡೆಗೆ ಹೆಂಗಸರು ಕೂಗಿ ಕೂಗಿ ನನ್ನ ಮನೆಗೆ ಸುದ್ದಿ ಮುಟ್ಟಿಸಿದರು. ಚೀಲ ತೆಗೆದುಕೊಂಡು ಹೊರಟೆ. ಸೇತುವೆಯ ಹತ್ತಿರ ಒಬ್ಬ ಸಿಪಾಯಿ ಬಂದೂಕು ಅಡ್ಡ ಹಿಡಿದು, "ತಾಯಿ, ಹೊರಗೆ ಬರೋ ಹಾಗಿಲ್ಲ, ಗೊತ್ತಿಲ್ವಾ?" ಎಂದ. "ನಂಗೆ ಗೊತ್ತಪ್ಪಾ, ಹೊಟ್ಟೇಲಿರೋದಕ್ಕೆ ಗೊತ್ತಿಲ್ಲ. ಬಾ, ನೀನೇ ಹೇಳು ಅದಕ್ಕೆ," ಎಂದೆ. ಪಾಪ, ಎಲ್ಲಿಯ ಊರಿನವನೋ, ರುಷ್ತುವಿನ ಬಾಗಿಲ ತನಕ ನನ್ನ ಜೊತೆಗೆ ನಡೆದು ಬಂದು ಹೊರಗೆ ಕಾವಲು ನಿಂತ. ಆ ಮಗು ಬಂದೂಕಿನ ಕಾವಲಿನಲ್ಲಿ ಹುಟ್ಟಿತು. ಇದನ್ನು ಹೇಳಿದಾಗ ಕೋರ್ಟಿನಲ್ಲಿ ಇದ್ದವರೆಲ್ಲ ನಕ್ಕರು, ನ್ಯಾಯಾಧೀಶೆಯೂ ತುಟಿ ಬಿಗಿಹಿಡಿದುಕೊಂಡಳು. ನನಗೆ ಗೆದ್ದ ಹಾಗೇ ಅನ್ನಿಸಿತು.

ಆಗ ರುಷ್ತುವಿನ ಲಾಯರು ಎದ್ದ. ಚೂಪು ಮೂಗಿನ, ಚೆನ್ನಾಗಿ ಇಸ್ತ್ರಿ ಮಾಡಿದ ಮನುಷ್ಯ. ನನ್ನನ್ನು ಒಂದೂ ಪ್ರಶ್ನೆ ಕೇಳಲಿಲ್ಲ. "ನ್ಯಾಯಾಧೀಶರೇ, ಕಥೆ ಚೆನ್ನಾಗಿದೆ. ಆದ್ರೆ ಈ ಅಜ್ಜಿಯ ಹೆಸರು ಕೆಜ್ಬಾನ್. ಅರಬ್ಬಿ ಬಲ್ಲ ಯಾರನ್ನಾದ್ರೂ ಕೇಳಿ, ಕಿಜ್ಬ್ ಅಂದ್ರೆ ಸುಳ್ಳು. ಕೆಜ್ಬಾನ್ ಅಂದ್ರೆ ಸುಳ್ಳುಗಾರ್ತಿ. ಹೆತ್ತವರೇ ಗೊತ್ತಿದ್ದು ಇಟ್ಟಿರೋ ಹಾಗಿದೆ," ಎಂದ. ಈ ಸಲದ ನಗು ಬೇರೆ ಥರ ಇತ್ತು. ನ್ಯಾಯಾಧೀಶೆ ಮೇಜು ತಟ್ಟಿ ಸುಮ್ಮನಾಗಿಸಿದಳು. ಹುಡುಗಿಯ ಮೂಳೆಯ ಎಕ್ಸ್‌ರೇ ತೆಗೆಸಿ ವರದಿ ಬರಲಿ ಎಂದು ಮುಂದಕ್ಕೆ ಹಾಕಿದಳು. ಐವತ್ತೆಂಟು ವರ್ಷ ಈ ಹೆಸರನ್ನು ಹೊತ್ತಿದ್ದೇನೆ, ಕಂದಾ. ಅದರ ಅರ್ಥ ಏನೆಂದು ಒಂದು ದಿನವೂ ಯಾರನ್ನೂ ಕೇಳಿರಲಿಲ್ಲ. ನಮ್ಮ ಓಣಿಯಲ್ಲೇ ನಾಲ್ಕು ಕೆಜ್ಬಾನ್ ಇದ್ದರು, ನೀರಿನ ಅರ್ಥ ಏನೆಂದು ಯಾರಾದರೂ ಕೇಳುತ್ತಾರೆಯೇ?

ನಾನು ಊರು ಮುಟ್ಟುವ ಮೊದಲೇ ಮಾತು ಮುಟ್ಟಿತ್ತು. ಒಲೆಮನೆಗೆ ಹೋದರೆ ರುಷ್ತುವಿನ ಅಕ್ಕ, "ದಾರಿ ಬಿಡ್ರೇ, ಸುಳ್ಳಜ್ಜಿ ಬಂದ್ಲು. ನಮಗೆಲ್ಲ ವಯಸ್ಸು ಹೇಳ್ತಾಳೆ, ಬನ್ನಿ," ಎಂದಳು. ನಿನ್ನ ಮೂರು ಮಕ್ಕಳನ್ನೂ ನಾನೇ ಹೆರಿಸಿದ್ದು, ಅವೂ ಸುಳ್ಳೇ ಏನೇ ಎಂದು ಕೇಳಿದೆ. ಹಲಗೆ ಸರಿಸಿ ಜಾಗ ಬಿಟ್ಟಳು. ಆದರೆ ಮನೆಗೆ ಬಂದು ಕೂತರೆ ನನಗೇ ಅನುಮಾನ. ಹೊಸದಾಗಿ ಬಂದ ಇಮಾಮ್ ಒಳ್ಳೆಯ ಹುಡುಗ, ಓದಿದವನು. ಅವನನ್ನು ಕೇಳಿದೆ. ಅವನು ನೆಲ ನೋಡುತ್ತ, "ಅರಬ್ಬಿ ಕಿವಿಗೆ ಹಾಗೇ ಕೇಳಿಸುತ್ತೆ ಅಜ್ಜೀ. ನಂಗೆ ಅಷ್ಟೇ ಗೊತ್ತು. ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳೋಕಾಗಲ್ಲ," ಎಂದ. ಸುಳ್ಳು ಸಮಾಧಾನ ಹೇಳಲಿಲ್ಲವಲ್ಲ ಎಂದು ಅವನ ಮೇಲೆ ಗೌರವ ಹೆಚ್ಚಿತು. ಅನುಮಾನ ಮಾತ್ರ ಹೋಗಲಿಲ್ಲ.

ಅಂದೇ ತೀರ್ಮಾನಿಸಿ ಅಫ್ಯೋನಿಗೆ ಬಸ್ಸು ಹತ್ತಿದೆ. ವೆಹ್ಬಿ ಮೇಷ್ಟ್ರ ವಿಷಯ ನಿನಗೆ ಹೇಳಿದ್ದೇನೆ. ಅರವತ್ತರ ದಶಕದಲ್ಲಿ ನಮ್ಮೂರ ಶಾಲೆಯಲ್ಲಿದ್ದರು, ಸಂಜೆ ಹೆಂಗಸರನ್ನು ಕೂರಿಸಿ ನಮಗೆ ಅಕ್ಷರ ಕಲಿಸಿದವರು. ಈಗ ಎಂಬತ್ತರ ಹತ್ತಿರ. ದೊಡ್ಡ ಮಸೀದಿಯ ಹಿಂದೆ ಒಂದು ಸಣ್ಣ ಅಂಗಡಿ ಇಟ್ಟುಕೊಂಡು ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುತ್ತಾರೆ. ಅವರ ತಂದೆ ಹಳೆಯ ಕಾಲದ ಮದರಸಾದಲ್ಲಿ ಓದಿದವರು, ಹಾಗಾಗಿ ಇವರಿಗೆ ಅರಬ್ಬಿಯೂ ಫಾರಸಿಯೂ ಬರುತ್ತದೆ. ಕೈಗೆ ಗೋಂದು ಮೆತ್ತಿಕೊಂಡೇ ನನ್ನ ಮಾತನ್ನೆಲ್ಲ ಕೇಳಿದರು. ಆಮೇಲೆ, "ಕೆಜ್ಬಾನಮ್ಮಾ, ಆ ಲಾಯರು ತಪ್ಪು ಮನೆ ಬಾಗಿಲು ತಟ್ಟಿದ್ದಾನೆ. ಈ ಹೆಸರು ಅರಬ್ಬಿ ಮನೇದಲ್ಲ, ಫಾರಸಿ ಮನೇದು," ಎಂದರು. ಮೇಲಿನ ಹಲಗೆಯಿಂದ ಇಟ್ಟಿಗೆಯಷ್ಟು ದಪ್ಪದ ನಿಘಂಟು ಇಳಿಸಿ, ಹಳೆಯ ಲಿಪಿಯ ಮೇಲೆ ಬೆರಳಿಟ್ಟು ಓದಿದರು. ಕೆದ್‌ಬಾನು. ಕೆದ್ ಎಂದರೆ ಮನೆ, ಬಾನು ಎಂದರೆ ಒಡತಿ. ಮನೆಯೊಡತಿ. ಹಿಂದೆ ಕೊನ್ಯಾದಲ್ಲಿ ಸುಲ್ತಾನರು ಆಳುತ್ತಿದ್ದಾಗ ಅವರ ಆಸ್ಥಾನದ ಬರವಣಿಗೆಯೆಲ್ಲ ಫಾರಸಿಯಲ್ಲಿತ್ತಂತೆ. ಆ ಮಾತುಗಳು ದೊಡ್ಡಮನೆಗಳಿಂದ ಸಣ್ಣಮನೆಗಳಿಗೆ ಇಳಿದು ಬಂದವು. ದೊಡ್ಡಮನೆಯಲ್ಲಿ ಉಗ್ರಾಣ ನೋಡಿಕೊಳ್ಳುವವಳು, ಆಳುಕಾಳಿಗೆ ಕೆಲಸ ಹೇಳುವವಳು, ಯಾರಿಗೆ ಎಷ್ಟು ಬಡಿಸಬೇಕೆಂದು ನಿರ್ಧರಿಸುವವಳು, ಅವಳೂ ಕೆದ್‌ಬಾನು. "ನಮ್ಮ ಹಳ್ಳಿ ನಾಲಿಗೆ ಒರಟು. ಕೆದ್‌ಬಾನು ಅನ್ನೋದು ಉಜ್ಜಿ ಉಜ್ಜಿ ಕೆಜ್ಬಾನ್ ಆಯ್ತು. ಕಾಹ್ಯಾ ಅಂತೀರಲ್ಲ, ಹೊಲಮನೆ ನೋಡ್ಕೊಳ್ಳೋ ಮೇಲ್ವಿಚಾರಕ, ಅದೂ ಇದೇ ಮನೇದು. ಕೆದ್‌ಖುದಾ, ಮನೆಯೊಡೆಯ. ಅವನು ನಿಮಗೆ ಅಣ್ಣ ಆಗ್ಬೇಕು. ಅವನನ್ನ ಯಾರೂ ಸುಳ್ಳ ಅನ್ನಲಿಲ್ಲ, ನಿಮ್ಮನ್ನ ಮಾತ್ರ ಅಂದ್ರು," ಎಂದು ನಕ್ಕರು.

ಹಾಗಾದರೆ ಪಟ್ಟಣದ ಹುಡುಗಿಯರು ಕೆಜ್ಬಾನ್ ಎಂದರೆ ಯಾಕೆ ಮುಖ ಸಿಂಡರಿಸುತ್ತಾರೆ ಎಂದು ಕೇಳಿದೆ. ಮೇಷ್ಟ್ರು ಕೈಯ ಗೋಂದು ಒರೆಸಿಕೊಂಡರು. ಹಳ್ಳಿಯಿಂದ ಬಂದವರನ್ನು ಆಡಿಕೊಳ್ಳಲು ಪಟ್ಟಣಕ್ಕೆ ಒಂದು ಹೆಸರು ಬೇಕಾಗಿತ್ತು, ಹಳ್ಳಿಯಲ್ಲಿ ಹೆಚ್ಚು ಇದ್ದ ಹೆಸರನ್ನು ಎತ್ತಿಕೊಂಡರು, ಅದು ನಿನ್ನೆ ಮೊನ್ನೆಯ ಸಂಗತಿ ಎಂದರು. ಚಹಾ ತರಿಸಿದರು. ನನ್ನ ಹೆಸರನ್ನು ಫಾರಸಿ ಲಿಪಿಯಲ್ಲಿ ಒಂದು ಚೂರು ರಟ್ಟಿನ ಮೇಲೆ ಬರೆದು ಕೊಟ್ಟರು. ನನಗೆ ಓದಲು ಬಾರದು, ಆದರೂ ನೋಡಲು ಚೆನ್ನಾಗಿದೆ, ಬಳ್ಳಿಯ ಹಾಗಿದೆ.

ಬಸ್ಸಿನಲ್ಲಿ ಕೂತು ಹಿಂದಿರುಗುವಾಗ ನನಗೆ ಸಂತೋಷವಾಗಬೇಕಿತ್ತು. ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಅರ್ಧ ದಾರಿಯಲ್ಲಿ ಆ ಸಂತೋಷ ನಿಂತುಹೋಯಿತು. ಇದನ್ನು ನಿನಗೆ ಇಪ್ಪತ್ತು ವರ್ಷ ಹೇಳಿಲ್ಲ, ಈಗ ಹೇಳುತ್ತೇನೆ. ಆ ಲಾಯರಿಗೆ ಗೊತ್ತಿಲ್ಲದೆಯೇ ಅವನ ಬಾಣ ಸರಿಯಾದ ಜಾಗಕ್ಕೆ ತಾಗಿತ್ತು. ಹೆಸರು ನಿರಪರಾಧಿ, ನಾನಲ್ಲ. ನಿನ್ನ ತಾಯಿ ಎಸ್ಮಾ ಹುಟ್ಟಿದ್ದು ಐವತ್ತೊಂಬತ್ತರಲ್ಲಿ. ಎಪ್ಪತ್ತಮೂರರಲ್ಲಿ ನಿನ್ನ ಅಜ್ಜ ಹಲೀಲ್ ಅವಳನ್ನು ಕೊಡುವುದಾಗಿ ಮಾತು ಕೊಟ್ಟು ಬಂದರು. ಹದಿನಾಲ್ಕು ವರ್ಷ. ಕಾನೂನಿಗೆ ಸಾಲದು. ಆಗ ಅದೇ ಕೋರ್ಟಿನಲ್ಲಿ, ಅದೇ ಕಟಕಟೆಯಲ್ಲಿ, ಹೆತ್ತ ತಾಯಿಯೇ ನಿಂತು ಈ ಹುಡುಗಿ ಹುಟ್ಟಿದ್ದು ಐವತ್ತಾರರಲ್ಲಿ ಎಂದು ಆಣೆ ಮಾಡಿದಳು. ನಾನು. ಎಲ್ಲರೂ ಹಾಗೇ ಮಾಡುತ್ತಿದ್ದರು ಎಂದು ಹೇಳಿದರೆ ಅದು ನಿಜ, ಆದರೆ ಸಾಲದು. ಗಂಡನ ಮಾತು ಬಿದ್ದುಹೋಗುತ್ತದೆ ಎಂದು ಹೆದರಿದೆ. ಅಷ್ಟೇ. ಹದಿನೈದಕ್ಕೆ ಅವಳು ನಿನ್ನನ್ನು ಹೆತ್ತಳು. ನಾನೇ ಹೆರಿಸಿದೆ. ಎರಡು ದಿನ ಹಿಡಿಯಿತು, ಅವಳ ಮೈ ಆಮೇಲೆ ಎಂದೂ ಸರಿಯಾಗಲಿಲ್ಲ. ನಿನಗೆ ಐದು ತುಂಬುವ ಮೊದಲು ಹೋದಳು. ನಿನ್ನ ತಂದೆ ಇನ್ನೊಂದು ಮದುವೆಯಾಗಿ ಇಜ್ಮಿರ್ ಸೇರಿದ ಮೇಲಿನದೆಲ್ಲ ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು: ನಿನಗೆ ಹೆಸರಿಡುವ ದಿನ ಅವಳ ಅತ್ತೆಯ ಮನೆಯವರು ಬೇರೆ ಏನೋ ಹೆಸರು ಹೇಳಿದ್ದರು. ಎಸ್ಮಾ ಹಾಸಿಗೆಯಲ್ಲಿ ಮಲಗಿಕೊಂಡೇ, "ನಮ್ಮಮ್ಮನ ಹೆಸರಿಡಿ. ಕೆಜ್ಬಾನ್," ಎಂದಳು. ನಾನು ಕೇಳಿರಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ. ಯಾಕೆ ಎಂದು ಆಮೇಲೆ ಒಮ್ಮೆ ಕೇಳಿದಾಗ, "ಈ ಮನೇಲಿ ನಂಗೆ ಗೊತ್ತಿರೋ ಗಟ್ಟಿ ಹೆಸರು ಅದೊಂದೇ," ಎಂದಳು. ಕೋರ್ಟಿನ ಮಾತನ್ನು ಅವಳು ಎಂದೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಎರಡನೆಯ ವಿಚಾರಣೆ ಉಪವಾಸದ ತಿಂಗಳ ಎರಡನೆಯ ವಾರದಲ್ಲಿ ಬಂತು. ಎಕ್ಸ್‌ರೇ ವರದಿ ಯಾರಿಗೂ ಉಪಯೋಗವಾಗಲಿಲ್ಲ. ಹದಿಮೂರಿನಿಂದ ಹದಿನಾರರವರೆಗೆ ಎಷ್ಟಾದರೂ ಇರಬಹುದು ಎಂದು ಡಾಕ್ಟರು ಬರೆದಿದ್ದರಂತೆ. ಹಾಗಾಗಿ ಎಲ್ಲವೂ ಸಾಕ್ಷಿಗಳ ಮೇಲೆ ನಿಂತಿತು. ರುಷ್ತುವಿನ ಚಿಕ್ಕಪ್ಪನ ಮಕ್ಕಳು ಒಬ್ಬರಾದ ಮೇಲೊಬ್ಬರು ಬಂದು ಎಪ್ಪತ್ತೇಳು, ಎಪ್ಪತ್ತೇಳು ಎಂದು ಬಾಯಿಪಾಠ ಒಪ್ಪಿಸಿದರು. ಸೆಹೆರ್ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದಳು, ದೊಡ್ಡವಳಾಗಿ ಕಾಣಲಿ ಎಂದು ಅತ್ತಿಗೆಯ ಕೋಟು ಹಾಕಿಸಿ ಎತ್ತರದ ಚಪ್ಪಲಿ ತೊಡಿಸಿದ್ದರು. ಕಾಲು ನೆಲಕ್ಕೆ ಎಟುಕದೆ ಆ ಚಪ್ಪಲಿಯಲ್ಲಿ ಒಂದು ಕೆಳಗೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ, ಅವಳೇ ಬಗ್ಗಿ ಹಾಕಿಕೊಂಡಳು.

ನನ್ನನ್ನು ಕರೆದಾಗ ಲಾಯರು ಮತ್ತೆ ಹೆಸರಿನ ಮಾತು ತೆಗೆದ. ನಾನು ನ್ಯಾಯಾಧೀಶೆಯನ್ನು, ಅದಕ್ಕೆ ನಾನು ಉತ್ತರ ಹೇಳಬಹುದೇ ಎಂದು ಕೇಳಿದೆ. "ಹೆಸರು ಈ ಮೊಕದ್ದಮೆಯ ವಿಷಯ ಅಲ್ಲಮ್ಮಾ," ಎಂದಳು. "ಅಲ್ಲ ತಾಯಿ. ಆದ್ರೆ ಅವರು ಹೇಳಿದ್ದು ನಿಮ್ಮ ಕಾಗದದಲ್ಲಿ ಟೈಪ್ ಆಗಿದೆ. ನಾನು ಹೇಳೋದೂ ಆಗ್ಲಿ," ಎಂದೆ. ಅವಳು ಗುಮಾಸ್ತನ ಕಡೆ ನೋಡಿದಳು. ಮೇಷ್ಟ್ರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ, ಕೆದ್ ಎಂದರೆ ಮನೆ, ಬಾನು ಎಂದರೆ ಒಡತಿ, ಕಾಹ್ಯಾ ನನ್ನ ಅಣ್ಣ. ಟೈಪ್ ಮಷೀನು ಟಕಟಕ ಎಂದು ಪೂರ್ತಿ ಬರೆದುಕೊಂಡಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಬಸ್ಸಿನಲ್ಲಿ ನನ್ನ ಸಂತೋಷವನ್ನು ನಿಲ್ಲಿಸಿದ ನೆನಪು ನನ್ನನ್ನು ಬಿಡಲಿಲ್ಲ. ಹೇಳಿದೆ: "ಹೆಸರು ಸುಳ್ಳುಗಾರ್ತಿ ಅಲ್ಲ. ಆದ್ರೆ ನಾನು ಒಂದ್ಸಲ ಸುಳ್ಳು ಹೇಳಿದ್ದೀನಿ. ಇದೇ ಜಾಗದಲ್ಲಿ. ಇಪ್ಪತ್ತೊಂದು ವರ್ಷದ ಹಿಂದೆ, ನನ್ನ ಸ್ವಂತ ಮಗಳ ವಯಸ್ಸಿಗೆ ಮೂರು ವರ್ಷ ಸೇರಿಸಿ ಆಣೆ ಮಾಡ್ದೆ."

ಲಾಯರು ಕುರ್ಚಿಯಿಂದ ಎದ್ದೇಬಿಟ್ಟ. "ಕೇಳಿದ್ರಾ, ಅವರ ಬಾಯಿಂದ್ಲೇ ಬಂತು. ಆಣೆ ಮಾಡಿ ಸುಳ್ಳು ಹೇಳೋರು ಅಂತ," ಎಂದ. ನನಗೆ ಸಿಟ್ಟು ಬರಲಿಲ್ಲ, ಆಶ್ಚರ್ಯ. ಹೆರಿಗೆಯಲ್ಲಿ ತಲೆ ಕಾಣಿಸಿದಮೇಲೆ ಒಂದು ಗಳಿಗೆ ಎಲ್ಲ ಶಾಂತವಾಗುತ್ತದೆ, ಹಾಗಿತ್ತು. "ಹೌದಪ್ಪಾ. ಆ ಸುಳ್ಳು ಎಷ್ಟು ಭಾರ ಅಂತ ಇಲ್ಲಿರೋರಲ್ಲಿ ನಂಗೊಬ್ಬಳಿಗೇ ಗೊತ್ತು. ಅದಕ್ಕೇ ಉಪವಾಸ ಇದ್ಕೊಂಡು ಬಂದಿದ್ದೀನಿ. ಆ ಮಗಳು ಹದಿನೈದಕ್ಕೆ ಹೆತ್ತು, ಇಪ್ಪತ್ತು ತುಂಬೋ ಮೊದ್ಲು ಸತ್ಲು," ಎಂದೆ. ಮತ್ತೆ ರುಷ್ತುವಿನ ಕಡೆ ತಿರುಗಿದೆ. ಹೀಗೆ ತಿರುಗುವ ಹಾಗಿಲ್ಲವಂತೆ, ಆಮೇಲೆ ಹೇಳಿದರು. "ರುಷ್ತು, ಮೂರು ಗಂಡುಮಕ್ಕಳು ಹುಟ್ಟಿದಾಗ ನೀನು ಕಾಫಿ ಅಂಗಡೀಲಿದ್ದೆ. ಇವಳು ಹುಟ್ಟಿದಾಗ ಮಾತ್ರ ಮನೇಲಿದ್ದೆ. ನಂಗೆ ಚಹಾ ಮಾಡಿಕೊಟ್ಟೆ, ಸಕ್ಕರೆ ಅಂತ ಉಪ್ಪು ಹಾಕಿದ್ದೆ. ನಾನು ಕುಡಿದೆ, ಪಾಪ ನೀನು ಅಷ್ಟು ಹೆದರಿದ್ದೆ ಅಂತ. ನನ್ನ ಮುಖ ನೋಡಿ ಹೇಳು, ಯಾಕೆ ಮನೇಲಿದ್ದೆ ಆ ದಿನ?"

ಲಾಯರು ಉತ್ತರ ಕೊಡಬೇಡಿ ಎಂದ. ನ್ಯಾಯಾಧೀಶೆ ಅವನಿಗೆ ಕೂರಲು ಹೇಳಿ, "ರುಷ್ತು, ನಾನು ಕೇಳ್ತಿದ್ದೀನಿ. ಯಾಕೆ ಮನೇಲಿದ್ರಿ?" ಎಂದಳು. ರುಷ್ತು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಅವನು ಕೆಟ್ಟವನಲ್ಲ ಕಂದಾ, ನಿನ್ನ ಅಜ್ಜನೂ ಕೆಟ್ಟವರಾಗಿರಲಿಲ್ಲ. "ಹೊರಗೆ ಹೋಗೋ ಹಾಗಿರಲಿಲ್ಲ," ಎಂದ. "ಯಾಕೆ?" "ಬಾಗಿಲಲ್ಲಿ ಸಿಪಾಯಿ ನಿಂತಿದ್ದ." ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೇ ಗೊತ್ತಾಯಿತು. ಚಿಕ್ಕಪ್ಪನ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರುಷ್ತು ಕೂತ. ಅವನ ಲಾಯರು ಕಾಗದ ಜೋಡಿಸಲು ಶುರುಮಾಡಿದ.

ತೀರ್ಪು ಅಂದೇ ಬಂತು. ಹುಡುಗಿ ಹುಟ್ಟಿದ್ದು ಎಂಬತ್ತರಲ್ಲೇ, ಅರ್ಜಿ ವಜಾ. ನ್ಯಾಯಾಧೀಶೆ ಏಳುವ ಮೊದಲು ನನ್ನನ್ನು ನೋಡಿ, ಹಳೆಯ ಸಂಗತಿಗೆ ಕಾನೂನಿನ ಅವಧಿ ಮುಗಿದಿದೆ, ನನ್ನ ಮೇಲೆ ಏನೂ ಬರುವುದಿಲ್ಲ ಎಂದಳು. ಬಂದರೂ ಬರಲಿ ಎಂದೇ ಹೋಗಿದ್ದೆ. ಹಾಗೆಂದು ಹೇಳಿ ಅವಳಿಗೆ ಕೆಲಸ ಹೆಚ್ಚಿಸಲಿಲ್ಲ, ಥ್ಯಾಂಕ್ಸ್ ತಾಯಿ ಎಂದು ಬಂದೆ.

ಊರಿನಲ್ಲಿ ಎಲ್ಲರೂ ಹೆಗಲ ಮೇಲೆ ಹೊತ್ತರು ಎಂದುಕೊಳ್ಳಬೇಡ. ದನದ ವ್ಯಾಪಾರಿಯ ಮನೆಯವರು ಬಂದು ಉಂಗುರ ವಾಪಸ್ ತೆಗೆದುಕೊಂಡು ಹೋದರು, ಹೋಗುವಾಗ ನನ್ನ ಬಾಗಿಲ ಮುಂದೆ ಉಗುಳಿದರು. ರುಷ್ತು ನನ್ನನ್ನು ಕಂಡರೆ ರಸ್ತೆಯ ಆಚೆಗೆ ಹೋಗುತ್ತಾನೆ. ಹಬ್ಬದ ದಿನ ಕೈ ಮುತ್ತಿಕ್ಕಲು ಪ್ರತಿ ವರ್ಷ ಬರುತ್ತಿದ್ದವರಲ್ಲಿ ಅರ್ಧ ಜನ ಬರಲಿಲ್ಲ, ಮಾಡಿದ ಸಿಹಿಯೆಲ್ಲ ಉಳಿಯಿತು, ನಾನೇ ಎರಡು ದಿನ ತಿಂದೆ. ಒಲೆಮನೆಯಲ್ಲಿ ಮಾತ್ರ ಜಾಗ ಬಿಡುತ್ತಾರೆ. ಸೆಹೆರ್ ಈಗ ಮುಂದಿನ ತರಗತಿಗೆ ಪಟ್ಟಣಕ್ಕೆ ವ್ಯಾನಿನಲ್ಲಿ ಹೋಗುತ್ತಾಳೆ. ಹವ್ವಾ ಗಂಡನನ್ನು ಹೇಗೆ ಒಪ್ಪಿಸಿದಳೋ ನಾನು ಕೇಳಲಿಲ್ಲ. ಮೊನ್ನೆ ವ್ಯಾನಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಜ್ಜೀ, ಫ್ರೆಂಚ್ ಕಲೀತಿದ್ದೀನಿ," ಎಂದು ಕೂಗಿದಳು. ಏನಾದರೂ ಹೇಳು ನೋಡೋಣ ಎಂದೆ. ಏನೋ ಒಂದು ಹೇಳಿದಳು, ಸರಿಯೋ ತಪ್ಪೋ ನನಗೆ ಹೇಗೆ ಗೊತ್ತಾಗಬೇಕು? ಚೆನ್ನಾಗಿತ್ತು.

ನಿನ್ನ ತಾಯಿಯ ಸಂಗತಿ ಓದಿ ನಿನಗೆ ನನ್ನ ಮೇಲೆ ಕೋಪ ಬಂದರೆ ಬರಲಿ. ಬರೆಯಬೇಕೆನ್ನಿಸಿದರೆ ಬರೆ, ಬೈಯಬೇಕೆನ್ನಿಸಿದರೆ ಬೈದೇ ಬರೆ, ನಾನು ಓದುತ್ತೇನೆ. ಚೆನ್ನಾಗಿ ತಿನ್ನು, ಚೆನ್ನಾಗಿ ಓದು. ಆರೋಗ್ಯ ನಿನ್ನನ್ನು ಬಿಡದಿರಲಿ, ದೇವರು ನಿನ್ನ ದಾರಿಯಲ್ಲಿ ಒಳ್ಳೆಯವರನ್ನೇ ತರಲಿ. ಕೋಣೆಯ ಹುಡುಗಿಯರಿಗೆ ನನ್ನ ನಮಸ್ಕಾರ ತಿಳಿಸು. ಕಣ್ಣಿಗೆ, ಹಣೆಗೆ ಮುತ್ತು.

ನಿನ್ನ ಅಜ್ಜಿ,
ಕೆಜ್ಬಾನ್

ತಾ.ಕ. ಸೋಮವಾರ ಬೆಳಗ್ಗೆ. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ದಾಖಲೆ ಕಚೇರಿಯ ಆ ಅಧಿಕಾರಿ ಕಳೆದ ವಾರ ನನ್ನನ್ನು ಕರೆಸಿದ್ದ. ಹೆಸರು ಬದಲಾಯಿಸಿಕೊಳ್ಳಲು ಅಂಕಾರಾದ ಕೋರ್ಟಿಗೆ ನೀನು ಹಾಕಿದ ಅರ್ಜಿಯ ಪ್ರತಿ ಅವನ ಮೇಜಿನ ಮೇಲಿತ್ತು, ನಿನ್ನ ಜನನದ ದಾಖಲೆ ಕೇಳಿದ್ದಾರೆ. ನನಗೆ ಹೇಳಲು ಹೆದರಿ ಹಬ್ಬಕ್ಕೂ ಬರಲಿಲ್ಲ ಅಲ್ಲವೇ, ಹುಚ್ಚಿ. ಹೆದರಬೇಡ. ಜೆರೆನ್ ಎಂದರೆ ಜಿಂಕೆಮರಿ, ಒಳ್ಳೆಯ ಹೆಸರು, ನಿನಗೆ ಒಪ್ಪುತ್ತದೆ. ಒಂದು ಸಾಲು ಮಾತ್ರ ತೆಗೆಸು. ಕಾರಣ ಎಂಬಲ್ಲಿ, ಅರಬ್ಬಿಯಲ್ಲಿ ಸುಳ್ಳುಗಾರ್ತಿ ಎಂಬ ಅರ್ಥ ಬರುತ್ತದೆ ಎಂದು ಬರೆದಿದ್ದೀಯಂತೆ. ಹುಡುಗಿಯರು ನಗುತ್ತಾರೆ ಎಂದು ಬರೆ, ಇಷ್ಟವಿಲ್ಲ ಎಂದು ಬರೆ, ಬೇರೆ ಯಾವ ಕಾರಣವಾದರೂ ಬರೆ. ಅದು ಬೇಡ. ನಮ್ಮ ಮನೆಯಲ್ಲಿ ಕೋರ್ಟಿನಲ್ಲಿ ಸುಳ್ಳು ಬರೆಸಿದ್ದು ಒಂದು ಸಲ ಸಾಕು. ಇಬ್ಬರು ಸಾಕ್ಷಿ ಬೇಕಂತೆ. ಒಬ್ಬಳು ನಾನಿದ್ದೇನೆ, ತಾರೀಖು ಬರೆ, ಹಿಂದಿನ ಸಂಜೆಯ ಬಸ್ಸಿಗೆ ಬರುತ್ತೇನೆ. ಈ ಹುಡುಗಿ ಯಾರು ಎಂದು ಕೇಳಿದರೆ ನನ್ನ ಮೊಮ್ಮಗಳು, ಇವಳ ಹೆಸರು ಜೆರೆನ್ ಎಂದು ಆಣೆ ಮಾಡಿ ಹೇಳುತ್ತೇನೆ.